ಕಬ್ಬು, ಮಗ್ಗ, ಹಿನ್ನೀರು: ಈ ಸೀಮೆಯಿಂದ ನೋಡಿದ ಸಿನಿಮಾಗಳು

ಬಾಗಲಕೋಟೆ ಜಿಲ್ಲೆಯ ಜಮಖಂಡಿ, ಮುಧೋಳ, ಬೀಳಗಿ, ರಬಕವಿ–ಬನಹಟ್ಟಿ ತಾಲ್ಲೂಕುಗಳಲ್ಲಿ ಸಿನಿಮಾದ ಮಾತು ಬಂದಾಗ ಎರಡು ಪ್ರಶ್ನೆ ಬೇಗ ಮೇಲೇಳುತ್ತವೆ. ತೆರೆಯ ಮೇಲಿನವರು ಆಡುವ ಮಾತು ಖರೆ ಅನಿಸುತ್ತದೆಯೇ? ಅವರು ಮಾಡುವ ಕೆಲಸ ಖರೆ ಅನಿಸುತ್ತದೆಯೇ? ರೈತನ ಪಾತ್ರಧಾರಿ ಕುಡಗೋಲು ಹಿಡಿದ ಬಗೆ, ನೇಕಾರನ ಪಾತ್ರಧಾರಿ ಲಾಳಿ ಎಸೆಯುವ ಬಗೆ, ಗೌಡರ ಮನೆಯ ಆಳು ಅಂಗಳದಲ್ಲಿ ಎಲ್ಲಿ ನಿಂತು ಮಾತಾಡುತ್ತಾನೆ ಎಂಬುದು ತಪ್ಪಿತೋ, ಎಷ್ಟೇ ದೊಡ್ಡ ಹೀರೊ ಇದ್ದರೂ ಚಿತ್ರ ಇಲ್ಲಿ ಪೂರ್ತಿ ಮನಸ್ಸಿಗೆ ಇಳಿಯುವುದಿಲ್ಲ. ಹಳೆಯ ಚಿತ್ರಗಳು ಯೂಟ್ಯೂಬಿನಲ್ಲಿ, ಹೊಸವು ಒಟಿಟಿಯಲ್ಲಿ ಸಿಗತೊಡಗಿದ ಮೇಲೆ 1974ರ ಚಿತ್ರವನ್ನೂ 2024ರ ಚಿತ್ರವನ್ನೂ ಒಂದೇ ವಾರದಲ್ಲಿ ನೋಡಿ ಒರೆಗೆ ಹಚ್ಚುವುದು ಸುಲಭವಾಗಿದೆ. ಹಾಗೆ ಹಚ್ಚಿದಾಗ ಈ ಸೀಮೆಯ ಬದುಕಿಗೆ ತೀರ ಹತ್ತಿರ ಬರುವ ಚಿತ್ರಗಳಲ್ಲಿ ಹೆಚ್ಚಿನವು ಇಲ್ಲಿನ ಕಥೆಯವಲ್ಲ; ಕೆಲವಂತೂ ಕನ್ನಡದವೇ ಅಲ್ಲ.

ಇಲ್ಲಿನ ಪ್ರೇಕ್ಷಕರ ಕಣ್ಣು ಹೀಗೆ ಪಳಗಿದ್ದಕ್ಕೆ ಇತಿಹಾಸವಿದೆ. ಜಮಖಂಡಿ ಪಟವರ್ಧನರ ಸಂಸ್ಥಾನವಾಗಿತ್ತು, ಮುಧೋಳ ಘೋರ್ಪಡೆಯವರದು. ಬನಹಟ್ಟಿ ಜಮಖಂಡಿಗೆ ಸೇರಿದ್ದರೆ ಕೂಗಳತೆಯಲ್ಲಿರುವ ರಬಕವಿ ಸಾಂಗಲಿ ಸಂಸ್ಥಾನದ್ದು. ಬೀಳಗಿ ನೇರವಾಗಿ ಬ್ರಿಟಿಷರ ಕೈಕೆಳಗಿತ್ತು. 1948ರಲ್ಲಿ ಸಂಸ್ಥಾನಗಳು ವಿಲೀನವಾಗಿ ಮುಂಬೈ ಪ್ರಾಂತ್ಯಕ್ಕೆ ಸೇರಿದವು. 1956ರಲ್ಲಿ ಎಲ್ಲವೂ ಮೈಸೂರು ರಾಜ್ಯಕ್ಕೆ ಬಂದವು. 1997ರಲ್ಲಿ ವಿಜಾಪುರದಿಂದ (ಇಂದಿನ ವಿಜಯಪುರ) ಬೇರೆಯಾಗಿ ಬಾಗಲಕೋಟೆ ಜಿಲ್ಲೆಯಾಯಿತು. ಹಾಗಾಗಿ ಹಿಂದಿನ ತಲೆಮಾರಿನವರಿಗೆ ಪುಣೆ, ಕೊಲ್ಲಾಪುರ, ಸಾಂಗಲಿಗಳು ಬೆಂಗಳೂರಿಗಿಂತ ಹತ್ತಿರದವು. ವಿ. ಶಾಂತಾರಾಮ್, ದಾದಾ ಕೊಂಡ್ಕೆ ಅವರ ಮರಾಠಿ ಚಿತ್ರಗಳೂ ಹಿಂದಿ ಚಿತ್ರಗಳೂ ಇಲ್ಲಿ ಪರಭಾಷೆಯವು ಅನಿಸಲಿಲ್ಲ. ಸಿನಿಮಾಕ್ಕೂ ಮುಂಚೆ ಶ್ರೀಕೃಷ್ಣ ಪಾರಿಜಾತವಿತ್ತು. ಅಪರಾಳ ತಮ್ಮಣ್ಣ ರಚಿಸಿ ಕುಲಗೋಡ ತಮ್ಮಣ್ಣ ತಿದ್ದಿ ಬೆಳೆಸಿದ ಈ ಆಟದಲ್ಲಿ ಸತ್ಯಭಾಮೆಯ ಸಿಟ್ಟು ಸೆಡವುಗಳೇ ರಾತ್ರಿಯಿಡೀ ನಡೆಯುತ್ತವೆ. ಸಣ್ಣಾಟ, ದೊಡ್ಡಾಟ, ಜಾತ್ರೆಯ ಕಂಪನಿ ನಾಟಕ ಎಲ್ಲದರಲ್ಲೂ ನಟ ನಾಲ್ಕು ಮಾರು ದೂರದಲ್ಲಿ ನಿಂತು ಮಾತಾಡುತ್ತಾನೆ. ಮಾತಿನ ಧಾಟಿ ಕೊಂಚ ತಪ್ಪಿದರೂ ಗೊತ್ತಾಗುವುದು ಅಲ್ಲಿಂದ ಬಂದ ಕಿವಿಗೆ.

ಕಂಪನಿ ನಾಟಕದ ಋಣ ಎದ್ದು ಕಾಣುವ ಚಿತ್ರ 1974ರ ‘ಸಂಪತ್ತಿಗೆ ಸವಾಲ್’. ಅದರ ಮೂಲ ಪಿ.ಬಿ. ಧುತ್ತರಗಿ ಅವರ ನಾಟಕ. ಧುತ್ತರಗಿ ಇದೇ ಜಿಲ್ಲೆಯ ಹುನಗುಂದ ಸೀಮೆಯ ಸೂಳೇಭಾವಿಯವರು. ಎ.ವಿ. ಶೇಷಗಿರಿರಾವ್ ನಿರ್ದೇಶಿಸಿದ ಈ ಚಿತ್ರದಲ್ಲಿ ರಾಜಕುಮಾರ್, ಮಂಜುಳಾ, ವಜ್ರಮುನಿ ಇದ್ದಾರೆ. ರಾಜಕುಮಾರ್ ಎಮ್ಮೆಯ ಮೇಲೆ ಕೂತು ಹಾಡುವ ಹಾಡಿನಿಂದ ಅವರ ಗಾಯನದ ದೊಡ್ಡ ಅಧ್ಯಾಯವೇ ಶುರುವಾಯಿತು ಎಂಬುದು ಎಲ್ಲರಿಗೂ ಗೊತ್ತಿರುವ ಸಂಗತಿ. ಐವತ್ತು ವರ್ಷದ ನಂತರವೂ ಚಿತ್ರ ಕಟ್ಟಿಹಾಕುವುದು ಅದರ ಮಾತಿನ ಏಟು–ಎದಿರೇಟಿನಿಂದ. ಒಬ್ಬರು ಮಾತು ಬಿಟ್ಟ ಕೂಡಲೇ ಮತ್ತೊಬ್ಬರು ಹಿಡಿದು ತಿರುಗಿಸಿ ಹೊಡೆಯುತ್ತಾರೆ. ಚಪ್ಪಾಳೆ ಬೀಳಲೆಂದು ನಡುವೆ ಒಂದು ಕ್ಷಣ ಜಾಗ ಬಿಟ್ಟಿದೆ. ರಂಗದ ಮೇಲೆ ನೂರಾರು ಸಲ ಪ್ರೇಕ್ಷಕರ ಎದುರು ಪರೀಕ್ಷೆಯಾದ ಕಥೆಗೆ ಮಾತ್ರ ಬರುವ ಗಟ್ಟಿತನ ಅದು. ಬಡವನ ಸ್ವಾಭಿಮಾನದ ಭಾಗ ಇಂದಿಗೂ ಹೊಸದಾಗಿದೆ. ಆದರೆ ಸಾಹುಕಾರನ ಮಗಳ ಸೊಕ್ಕು ಮುರಿಯುವ ಭಾಗ ಹಾಗಿಲ್ಲ. ಹೆಣ್ಣಿನ ತಲೆ ಎತ್ತಿದ ನಡಿಗೆಯನ್ನೇ ತಪ್ಪೆಂದು ಎಣಿಸಿ ಗಂಡಸು ಪಾಠ ಕಲಿಸುವ ಕಥೆಯನ್ನು ಇಂದಿನ ಜಮಖಂಡಿಯ ಕಾಲೇಜು ಹುಡುಗಿ ಬೇರೆಯಾಗಿಯೇ ನೋಡುತ್ತಾಳೆ, ನೋಡಲೂ ಬೇಕು. ಮಂಜುಳಾ ಅವರ ನಟನೆಯ ಬಿರುಸು ಎಷ್ಟಿದೆಯೆಂದರೆ, ಕಥೆ ಆಕೆಯನ್ನು ಸೋಲಿಸಿದರೂ ನೋಡುವವರ ನೆನಪಿನಲ್ಲಿ ಆಕೆ ಸೋಲುವುದಿಲ್ಲ.

ಬಂಡಾಯಗಾರರ ಕಥೆಗಳಿಗೆ ಈ ನೆಲದಲ್ಲಿ ಬರವಿಲ್ಲ. ಜತ್ತ ಸೀಮೆಯ ಸಿಂಧೂರಿನ ಲಕ್ಷ್ಮಣ ಬ್ರಿಟಿಷ್ ಆಡಳಿತವನ್ನೂ ಸಾಹುಕಾರರನ್ನೂ ಕಾಡಿ, 1922ರಲ್ಲಿ ಬೀಳಗಿ ಸೀಮೆಯಲ್ಲಿ ನಂಬಿದವರ ಮೋಸದಿಂದ ಪೊಲೀಸರ ಗುಂಡಿಗೆ ಬಿದ್ದ. ಅವನ ಹೆಸರಿನ ನಾಟಕ ಉತ್ತರ ಕರ್ನಾಟಕದ ಕಂಪನಿಗಳಿಗೆ ದಶಕಗಟ್ಟಲೆ ಅನ್ನ ಕೊಟ್ಟಿತು. ಕನ್ನಡ ಸಿನಿಮಾದ ಖಳನಟ ಸುಧೀರ್ ತಮ್ಮದೇ ಕಂಪನಿಯಲ್ಲಿ ಸಿಂಧೂರ ಲಕ್ಷ್ಮಣನಾಗಿ ಊರೂರಿನಲ್ಲಿ ನಿಂತರು. 1977ರಲ್ಲಿ ಅದೇ ಕಥೆ ‘ವೀರ ಸಿಂಧೂರ ಲಕ್ಷ್ಮಣ’ ಎಂಬ ಚಿತ್ರವೂ ಆಯಿತು. ಆದರೂ ಈ ಭಾಗದಲ್ಲಿ ನಾಟಕದ ನೆನಪೇ ಹೆಚ್ಚು ಗಟ್ಟಿ. ಅದು ಸಹಜ. ಮೋಸದ ಊಟ ಬಡಿಸುವ ದೃಶ್ಯವನ್ನು ಪ್ರೇಕ್ಷಕ ಎಚ್ಚರಿಸಲು ಕೂಗಿಕೊಳ್ಳುವಷ್ಟು ಹತ್ತಿರದಿಂದ ನೋಡಿದವರಿಗೆ ಕ್ಯಾಮೆರಾ ಇಟ್ಟ ದೂರ ಹಿಡಿಸುವುದಿಲ್ಲ.

ಹಲಗಲಿಯದು ಇನ್ನೂ ದೊಡ್ಡ ಕಥೆ. ಮುಧೋಳ ತಾಲ್ಲೂಕಿನ ಈ ಹಳ್ಳಿಯ ಬೇಡರು 1857ರಲ್ಲಿ, ಆಯುಧ ಒಪ್ಪಿಸಬೇಕೆಂಬ ಕಾಯ್ದೆಯನ್ನು ಧಿಕ್ಕರಿಸಿ ನಿಂತರು. ಆ ವರ್ಷದ ಡಿಸೆಂಬರಿನಲ್ಲಿ ಮುಧೋಳದಲ್ಲಿ 13 ಮಂದಿಯನ್ನು, ಹಲಗಲಿಯಲ್ಲಿ 6 ಮಂದಿಯನ್ನು ಗಲ್ಲಿಗೇರಿಸಲಾಯಿತು. ಊರು ಸುಟ್ಟ ಸುದ್ದಿ ಲಾವಣಿಯಾಗಿ ಉಳಿಯಿತು. ಶಾಸನ ವಿದ್ವಾಂಸ ಜೆ.ಎಫ್. ಫ್ಲೀಟ್ ಅದನ್ನು ಬರೆದುಕೊಂಡು ‘ಇಂಡಿಯನ್ ಆ್ಯಂಟಿಕ್ವರಿ’ಯಲ್ಲಿ ಅಚ್ಚು ಹಾಕಿಸಿದ್ದರಿಂದ ಇಂದಿನ ಪಠ್ಯಪುಸ್ತಕದವರೆಗೆ ಬಂದಿತು. ಈಗ ಧನಂಜಯ ಮುಖ್ಯ ಪಾತ್ರದಲ್ಲಿರುವ ‘ಹಲಗಲಿ’ ಎಂಬ ಚಿತ್ರ ಸೆಟ್ಟೇರಿದೆ. ಅದನ್ನು ಅಳೆಯಲು ಈ ಭಾಗದವರ ಕೈಯಲ್ಲಿ ಲಾವಣಿಯೇ ಇದೆ. ಲಾವಣಿಕಾರ ಒಬ್ಬ ನಾಯಕನನ್ನು ಮೇಲೆತ್ತಿ ಉಳಿದವರನ್ನು ಗುಂಪು ಮಾಡಲಿಲ್ಲ. ಹನುಮ, ಬಾಲ, ಜಡಗ, ರಾಮ ಎಂದು ಹೆಸರು ಹಿಡಿದು ಹೇಳಿದ. ಸುಟ್ಟ ಊರಲ್ಲಿ ಏನೇನು ಲೂಟಿಯಾಯಿತು ಎಂಬುದನ್ನು ಮನೆಬಳಕೆಯ ಸಾಮಾನಿನವರೆಗೆ ಪಟ್ಟಿ ಮಾಡಿದ. ಕನ್ನಡದ ಐತಿಹಾಸಿಕ ಚಿತ್ರಗಳು ಸಾಮಾನ್ಯವಾಗಿ ಎಡವುವುದು ಇಲ್ಲಿಯೇ. 2012ರ ‘ಕ್ರಾಂತಿವೀರ ಸಂಗೊಳ್ಳಿ ರಾಯಣ್ಣ’ ದೊಡ್ಡ ಪ್ರಮಾಣದ, ಜನ ಮುಗಿಬಿದ್ದು ನೋಡಿದ ಚಿತ್ರ. ಅದರ ಯುದ್ಧಗಳು ಭವ್ಯವಾಗಿವೆ. ರಾಯಣ್ಣನ ಸಂಗಡಿಗರು ಯಾವ ಊರಿನವರು, ಮನೆಯಲ್ಲಿ ಏನು ಬಿಟ್ಟು ಬಂದರು ಎಂಬುದು ಮಾತ್ರ ನೋಡಿ ಬಂದವರ ನೆನಪಿನಲ್ಲಿ ನಿಲ್ಲುವುದಿಲ್ಲ.

ಇನ್ನು ಮಾತಿನ ಪ್ರಶ್ನೆ. ಉತ್ತರ ಕರ್ನಾಟಕದ ಕನ್ನಡ ಬಹುಕಾಲ ಸಿನಿಮಾದಲ್ಲಿ ನಗಿಸುವುದಕ್ಕೆ ಮೀಸಲಾಗಿತ್ತು. ನಾಯಕ ಬೆಂಗಳೂರು–ಮೈಸೂರು ಕಡೆಯ ಕನ್ನಡ ಆಡಬೇಕು, ಅವನ ಪಕ್ಕದವ ‘ಹೌದ್ರೀ’ ‘ಇಲ್ರೀ’ ಎನ್ನಬೇಕು ಎಂಬ ಪದ್ಧತಿ. ಈ ಪದ್ಧತಿಯೊಳಗೇ ಇದ್ದು ಅದನ್ನು ಮೀರಿದವರು ವಿಜಯಪುರ ಜಿಲ್ಲೆಯ ರಾಜು ತಾಳಿಕೋಟೆ. ಕಂಪನಿ ನಾಟಕದ ‘ಕಲಿಯುಗದ ಕುಡುಕ’ನಾಗಿ ಕ್ಯಾಸೆಟ್ಟಿನ ಮೂಲಕ ಮನೆಮನೆ ತಲುಪಿದ್ದ ಅವರು, ಯೋಗರಾಜ್ ಭಟ್ಟರ ‘ಮನಸಾರೆ’ಯಲ್ಲಿ (2009) ಹುಚ್ಚಾಸ್ಪತ್ರೆಯ ರೋಗಿಯಾಗಿ ಬಂದಾಗ ಇಡೀ ರಾಜ್ಯಕ್ಕೆ ಪರಿಚಯವಾದರು. ಆ ಪಾತ್ರದ ಮಾತಿನಲ್ಲಿ ನಗೆ ಇದೆ, ಅದರಡಿಯಲ್ಲಿ ಲೋಕದ ಮೇಲಿನ ತಕರಾರೂ ಇದೆ. 2025ರ ಅಕ್ಟೋಬರಿನಲ್ಲಿ ಅವರು ತೀರಿಕೊಂಡ ಮೇಲೆ ‘ಮನಸಾರೆ’ಯನ್ನು ಮತ್ತೆ ನೋಡಿದರೆ, ನಾಯಕ–ನಾಯಕಿಯ ಪ್ರೇಮಕ್ಕಿಂತ ಅವರು ಮಾತು ನಿಲ್ಲಿಸಿ ಸುಮ್ಮನೆ ನೋಡುವ ಗಳಿಗೆಗಳೇ ಹೆಚ್ಚು ಹಿಡಿದು ನಿಲ್ಲಿಸುತ್ತವೆ. ಇತ್ತೀಚಿನ ಚಿತ್ರಗಳಲ್ಲಿ ಈ ಕನ್ನಡ ನಗೆಯಿಂದ ಹಗೆಯ ಕಡೆಗೆ ಸರಿದಿದೆ. ಬೆಳಗಾವಿ ಸೀಮೆಯಲ್ಲಿ ನಡೆಯುವ ‘ಗುರುದೇವ್ ಹೊಯ್ಸಳ’ದಲ್ಲಿ (2023) ನವೀನ್ ಶಂಕರ್ ಮಾಡಿದ ಖಳನ ಬಾಯಲ್ಲಿ ಅದು ಕತ್ತಿಯ ಅಂಚಿನಷ್ಟು ಹರಿತವಾಗಿದೆ. ಮರ್ಯಾದೆಯ ಹೆಸರಿನಲ್ಲಿ ನಡೆಯುವ ಕೊಲೆಯ ವಿಷಯವನ್ನು ಎತ್ತಿಕೊಂಡ ಚಿತ್ರ ಅದು. ಕೊನೆಗೆ ಪೊಲೀಸ್ ನಾಯಕನ ಹೊಡೆದಾಟಕ್ಕೆ ಆ ವಿಷಯವನ್ನು ಬಿಟ್ಟುಕೊಟ್ಟಿತು ಎಂಬುದು ಬೇಸರದ ಸಂಗತಿ.

ನಗೆಗೂ ಹಗೆಗೂ ಸಲ್ಲದೆ, ಬದುಕಿನ ಎಲ್ಲ ಭಾವಕ್ಕೂ ಒದಗುವ ಭಾಷೆಯಾಗಿ ಈ ಕನ್ನಡ ಕೇಳಿಸಿದ್ದು ನಾಗಾಭರಣರ ‘ಸಂತ ಶಿಶುನಾಳ ಶರೀಫ’ (1990) ಮತ್ತು ‘ನಾಗಮಂಡಲ’ದಲ್ಲಿ (1997). ಗಿರೀಶ ಕಾರ್ನಾಡರ ನಾಟಕವನ್ನು ಆಧರಿಸಿದ ‘ನಾಗಮಂಡಲ’ಕ್ಕೆ ಗೋಪಾಲ ವಾಜಪೇಯಿ ಬರೆದ ಮಾತು–ಹಾಡು, ಸಿ. ಅಶ್ವತ್ಥ್ ಸಂಗೀತ ಇವೆ. ಗಂಡ ‘ನೀ’ ಎನ್ನುವಾಗಿನ ಒಣ ದನಿಗೂ ಅವನದೇ ರೂಪ ತಾಳಿ ಬರುವ ಹಾವು ನಾಗಪ್ಪ ‘ನೀ’ ಎನ್ನುವಾಗಿನ ಒದ್ದೆ ದನಿಗೂ ಪ್ರಕಾಶ್ ರೈ ತೋರುವ ಅಂತರ ಚಿತ್ರದ ಜೀವಾಳ. ತೀರ ಹೊಸದರಲ್ಲಿ ಉತ್ಸವ್ ಗೋನವಾರ ಅವರ ‘ಫೋಟೋ’ (2024) ಈ ಸಾಲಿಗೆ ಸೇರುತ್ತದೆ. ರಾಯಚೂರು ಕಡೆಯ ಹುಡುಗ ದುರ್ಗ್ಯಾನಿಗೆ ವಿಧಾನಸೌಧದ ಮುಂದೆ ನಿಂತು ಫೋಟೊ ತೆಗೆಸಿಕೊಳ್ಳುವ ಆಸೆ. ಬೆಂಗಳೂರಿನಲ್ಲಿ ಕೂಲಿ ಮಾಡುವ ಅಪ್ಪನ ಬಳಿ ಬಂದಾಗ ಲಾಕ್‌ಡೌನ್ ಬೀಳುತ್ತದೆ. ಅಪ್ಪ ಮಗ ನಡೆದೇ ಊರಿಗೆ ಹೊರಡುತ್ತಾರೆ. ಮಹಾದೇವ ಹಡಪದ, ಸಂಧ್ಯಾ ಅರಕೆರೆ ಅವರ ಬಾಯಲ್ಲಿ ಮಾತು ಎಷ್ಟು ಕಡಿಮೆಯೋ ಅಷ್ಟು ಸಾಚಾ. ಅವರನ್ನು ನೋಡಿದ ಮೇಲೆ ದೊಡ್ಡ ಚಿತ್ರಗಳ ‘ಉತ್ತರ ಕರ್ನಾಟಕದ ಪಾತ್ರ’ಗಳನ್ನು ಸಹಿಸುವುದು ಕಷ್ಟವಾಗುತ್ತದೆ.

ಗಿರೀಶ ಕಾಸರವಳ್ಳಿ ಮಲೆನಾಡಿನವರು. ಆದರೆ ಈ ಸೀಮೆಯವರು ಅವರ ನಾಲ್ಕು ಚಿತ್ರಗಳನ್ನು ಒಟ್ಟಿಗೆ ಇಟ್ಟು ನೋಡುವುದಕ್ಕೆ ಬಲವಾದ ಕಾರಣಗಳಿವೆ. ಮೊದಲನೆಯದು ‘ತಾಯಿ ಸಾಹೇಬ’ (1997). ರಂ.ಶಾ. ಲೋಕಾಪುರ ಅವರ ಕಾದಂಬರಿ ಇದರ ಮೂಲ. ಲೇಖಕರ ಮನೆತನದ ಹೆಸರಿನಲ್ಲಿ ಮುಧೋಳ ತಾಲ್ಲೂಕಿನ ಲೋಕಾಪುರವಿದೆ. 45ನೇ ರಾಷ್ಟ್ರೀಯ ಪ್ರಶಸ್ತಿಗಳಲ್ಲಿ ವರ್ಷದ ಅತ್ಯುತ್ತಮ ಚಿತ್ರವೆಂದು ಸ್ವರ್ಣಕಮಲ ಪಡೆದದ್ದು ಇದೇ. ಸ್ವಾತಂತ್ರ್ಯದ ಹಿಂದುಮುಂದಿನ ಕಾಲ. ಅಪ್ಪಾಸಾಹೇಬ ಹೋರಾಟಗಾರ, ಜನರ ಕಣ್ಣಲ್ಲಿ ದೊಡ್ಡವನು. ವಾಡೆಯ ಹೊರಗೆ ಅವನಿಗೆ ಇನ್ನೊಂದು ಸಂಸಾರವಿದೆ. ಮಕ್ಕಳಿಲ್ಲದ ಹೆಂಡತಿ ನರ್ಮದಾ ದತ್ತು ಪಡೆದ ಮಗ, ಗಂಡನ ಆ ಇನ್ನೊಂದು ಸಂಸಾರದ ಮಗಳನ್ನೇ ಪ್ರೀತಿಸುತ್ತಾನೆ. ದತ್ತು ಇರುವವರೆಗೆ ಕಾನೂನಿನ ಕಣ್ಣಲ್ಲಿ ಅವರು ಅಣ್ಣ ತಂಗಿ. ಜಯಮಾಲಾ ಈ ಪಾತ್ರದಲ್ಲಿ ಬಹುಪಾಲು ಸುಮ್ಮನಿರುತ್ತಾರೆ. ಹೊಸ್ತಿಲ ಒಳಗೆ ನಿಂತು ಹೊರಗಿನ ಮಾತು ಕೇಳಿಸಿಕೊಳ್ಳುವುದು, ತಲೆಯ ಮೇಲಿನ ಸೆರಗು ಸರಿಪಡಿಸಿಕೊಳ್ಳುವುದು, ಬಂದವರಿಗೆ ನೀರು ಕೊಡಿಸಿ ಹಿಂದೆ ಸರಿಯುವುದು: ಇಷ್ಟರಲ್ಲೇ ಒಂದು ಹೆಣ್ಣಿನ ಇಡೀ ಜೀವನ ಕಾಣುತ್ತದೆ. ಸಂಸ್ಥಾನದ ಊರುಗಳಲ್ಲಿ ವಾಡೆಯ ಒಳಗಿನ ಜೀವನ ನೋಡಿದವರಿಗೆ ರಮೇಶ ದೇಸಾಯಿಯವರ ಕಲಾ ನಿರ್ದೇಶನ, ವೈಶಾಲಿ ಕಾಸರವಳ್ಳಿಯವರ ವಸ್ತ್ರವಿನ್ಯಾಸ ಎಷ್ಟು ನಿಖರ ಎಂದು ಬಿಡಿಸಿ ಹೇಳಬೇಕಿಲ್ಲ. ಎರಡಕ್ಕೂ ರಾಷ್ಟ್ರಪ್ರಶಸ್ತಿ ಬಂದಿತು.

ಎರಡನೆಯದು ‘ಕನಸೆಂಬೊ ಕುದುರೆಯನೇರಿ’ (2010), ಅಮರೇಶ ನುಗಡೋಣಿಯವರ ‘ಸವಾರಿ’ ಕಥೆಯಿಂದ ಬಂದದ್ದು. ಕುಣಿ ತೋಡುವ ಇರ್ಯಾನ ಕನಸಿನಲ್ಲಿ ಸಿದ್ಧ ಬಂದರೆ ಊರಲ್ಲಿ ಯಾರೋ ಸತ್ತಿದ್ದಾರೆಂದೇ ಅರ್ಥ. ಒಂದು ಬೆಳಗ್ಗೆ ಅವನು ಗುದ್ದಲಿ ಹಿಡಿದು ಗೌಡರ ಮನೆಗೆ ಹೋಗುತ್ತಾನೆ. ಅಲ್ಲಿ ಯಾರೂ ಸತ್ತಿಲ್ಲ ಎನ್ನುತ್ತಾರೆ. ಮೊದಲ ಸಲ ಕನಸು ಸುಳ್ಳಾಯಿತೆಂದು ಇರ್ಯಾ ಕುಸಿಯುತ್ತಾನೆ. ಅದೇ ಘಟನೆಗಳನ್ನು ಚಿತ್ರ ಮತ್ತೆ ಗೌಡರ ಮನೆಯ ಒಳಗಿನಿಂದ ತೋರಿಸಿದಾಗ ಗೌಡ ಸತ್ತಿದ್ದು ನಿಜ, ಆಸ್ತಿಯ ಸಲುವಾಗಿ ಸುದ್ದಿ ಮುಚ್ಚಿಟ್ಟದ್ದೂ ನಿಜ ಎಂದು ತಿಳಿಯುತ್ತದೆ. ಬೀದರ್ ಜಿಲ್ಲೆಯ ವೈಜನಾಥ ಬಿರಾದಾರ, ನೂರಾರು ಚಿತ್ರಗಳಲ್ಲಿ ಭಿಕ್ಷುಕನಾಗಿ ಕುಡುಕನಾಗಿ ಬಂದುಹೋದ ನಟ, ಇಲ್ಲಿ ಇರ್ಯಾ ಆಗಿದ್ದಾರೆ. ಅವರು ಗುದ್ದಲಿ ಎತ್ತಿ ನೆಲಕ್ಕೆ ಹಾಕುವಾಗ ತೋಳಿಗಿಂತ ಸೊಂಟದ ಬಲ ಬಳಸುವುದನ್ನು, ಕುಣಿಯ ಅಂಚನ್ನು ಕೈಯಿಂದ ಸವರಿ ನೋಡುವುದನ್ನು ಗಮನಿಸಬೇಕು. ಕೆಲಸ ಗೊತ್ತಿರುವವನ ಮೈ ಅದು. ಹೆಂಡತಿ ರುದ್ರಿಯಾಗಿ ಉಮಾಶ್ರೀ ಇದ್ದಾರೆ. ದೊಡ್ಡವರ ಸಾವೂ ಬಡವನ ಕೂಲಿಯೂ ಎಷ್ಟು ಗಟ್ಟಿಯಾಗಿ ಹೆಣೆದುಕೊಂಡಿವೆ ಎಂಬುದನ್ನು ಇಷ್ಟು ನಿಚ್ಚಳವಾಗಿ ಹೇಳಿದ ಕನ್ನಡ ಚಿತ್ರ ಮತ್ತೊಂದಿಲ್ಲ. ಈ ಭಾಗದ ಕಾಲೇಜುಗಳಲ್ಲಿ ಒಂದೇ ಒಂದು ಚಿತ್ರ ತೋರಿಸಲು ಅವಕಾಶವಿದ್ದರೆ ತೋರಿಸಬೇಕಾದ್ದು ಇದು.

ಉಮಾಶ್ರೀ ಹೆಸರಿಗೆ ಈ ಸೀಮೆಯಲ್ಲಿ ಸಿನಿಮಾದಾಚೆಗೂ ಜಾಗವಿದೆ. ರಬಕವಿ, ಬನಹಟ್ಟಿಗಳನ್ನು ಒಳಗೊಂಡ ತೇರದಾಳ ವಿಧಾನಸಭಾ ಕ್ಷೇತ್ರದಿಂದ 2013ರಲ್ಲಿ ಗೆದ್ದು, ಕನ್ನಡ ಮತ್ತು ಸಂಸ್ಕೃತಿ ಸಚಿವೆಯಾದವರು ಅವರು. ಅದಕ್ಕೂ ಮುಂಚೆ 55ನೇ ರಾಷ್ಟ್ರೀಯ ಪ್ರಶಸ್ತಿಗಳಲ್ಲಿ, ಕಾಸರವಳ್ಳಿಯವರ ಆ ನಾಲ್ಕರಲ್ಲಿ ಮೂರನೆಯದಾದ ‘ಗುಲಾಬಿ ಟಾಕೀಸು’ ಚಿತ್ರಕ್ಕಾಗಿ ಅತ್ಯುತ್ತಮ ನಟಿ ಎನಿಸಿಕೊಂಡರು. ವೈದೇಹಿಯವರ ಕಥೆಯ ಟಾಕೀಸನ್ನು ಕಾಸರವಳ್ಳಿ ಟಿ.ವಿ. ಮಾಡಿಕೊಂಡಿದ್ದಾರೆ. ಕರಾವಳಿಯ ಮೀನುಗಾರರ ಕೇರಿಯಲ್ಲಿ ಸೂಲಗಿತ್ತಿ ಗುಲಾಬಿಗೆ ಬಣ್ಣದ ಟಿ.ವಿ., ಡಿಶ್ ಸಿಗುತ್ತವೆ. ಕೇರಿಯ ಹೆಂಗಸರು ಜಾತಿ ಧರ್ಮ ಮರೆತು ಅವಳ ಗುಡಿಸಲಿಗೆ ಬಂದು ಕೂರುತ್ತಾರೆ. ಕಾರ್ಗಿಲ್ ಯುದ್ಧದ ಕಾಲ. ಹೊರಗಿನ ದ್ವೇಷ ನಿಧಾನವಾಗಿ ಒಳಗೆ ನುಗ್ಗಿದಾಗ ಆ ಕೂಟ ಒಡೆದು, ಗುಲಾಬಿ ಊರು ಬಿಡಬೇಕಾಗುತ್ತದೆ. ತೆರೆಯ ಬೆಳಕು ಮುಖದ ಮೇಲೆ ಬಿದ್ದಾಗ ಉಮಾಶ್ರೀ ಬಾಯಿ ಅರೆತೆರೆದು ಮೈಮರೆಯುವುದನ್ನು ನೋಡಿದರೆ ಸಾಕು, ಸಿನಿಮಾ ಹುಚ್ಚು ಎಂದರೇನೆಂದು ತಿಳಿಯುತ್ತದೆ.

ಅದೇ 55ನೇ ಪ್ರಶಸ್ತಿಗಳಲ್ಲಿ ಅತ್ಯುತ್ತಮ ಚಿತ್ರವಾದದ್ದು ಪ್ರಿಯದರ್ಶನ್ ಅವರ ತಮಿಳು ಚಿತ್ರ ‘ಕಾಂಚೀವರಂ’. ಅದರ ನಾಯಕ ಪ್ರಕಾಶ್ ರೈ ಅತ್ಯುತ್ತಮ ನಟರಾದರು. ನೇಕಾರರ ಊರಾದ ಬನಹಟ್ಟಿಯಲ್ಲಿ ಇದು ಕನ್ನಡದ ಯಾವ ಚಿತ್ರಕ್ಕಿಂತಲೂ ಹತ್ತಿರದ್ದಾಗಬೇಕು. ಸೆರೆಮನೆಯಿಂದ ಪೊಲೀಸರೊಂದಿಗೆ ಬಸ್ಸಿನಲ್ಲಿ ಊರಿಗೆ ಬರುತ್ತಿರುವ ವೆಂಗಡಂ, ಮಳೆಯ ಆ ದಾರಿಯಲ್ಲಿ ಹಿಂದಿನದೆಲ್ಲವನ್ನೂ ನೆನೆಯುತ್ತಾನೆ. ಇಡೀ ಬದುಕನ್ನು ಕೊನೆಯ ಗಳಿಗೆಯಲ್ಲಿ ನಿಂತು ಹೊರಳಿ ನೋಡುವ ಈ ಕ್ರಮ ಮುಧೋಳದ ರನ್ನನಿಗೆ ಸಾವಿರ ವರ್ಷದ ಹಿಂದೆಯೇ ಒಲಿದಿತ್ತು. ‘ಗದಾಯುದ್ಧ’ ಕೊನೆಯ ದಿನದ ಕಾಳಗದಲ್ಲಿ ನಿಂತು ಇಡೀ ಭಾರತವನ್ನು ಸಿಂಹಾವಲೋಕನ ಮಾಡುವ ಕಾವ್ಯ. ವೆಂಗಡಂ ರೇಷ್ಮೆ ಸೀರೆ ನೇಯುವವನು, ಮನೆಯ ಹೆಣ್ಣುಮಕ್ಕಳಿಗೆ ಒಂದೂ ರೇಷ್ಮೆ ಸೀರೆ ಉಡಿಸಲಾರದವನು. ಮಗಳ ಮದುವೆಗೆ ರೇಷ್ಮೆ ಸೀರೆ ಕೊಡುವೆನೆಂದು ಮಾತು ಕೊಡುತ್ತಾನೆ. ಆ ಮಾತಿಗಾಗಿ ಒಡೆಯನ ಮಗ್ಗದ ಮನೆಯಿಂದ ದಿನವೂ ಒಂದಿಷ್ಟು ಎಳೆಯನ್ನು ಬಾಯಲ್ಲಿ ಅಡಗಿಸಿ ತರುತ್ತಾನೆ. ಬಾಗಿಲಲ್ಲಿ ಮೈತಪಾಸಣೆ ನಡೆಯುವಾಗ ಅವನು ಮಾತಾಡಲಾರ. ರಾತ್ರಿ ಮನೆಯಲ್ಲಿ, ಯಾರಿಗೂ ಕಾಣದಂತೆ, ಒದ್ದೆ ಎಳೆಗಳನ್ನು ಬಿಡಿಸಿ ಸೀರೆಗೆ ಹೊಂದಿಸುತ್ತಾನೆ. ಕೂಲಿಗಾಗಿ ಮುಷ್ಕರದ ಮುಂದಾಳಾಗಿ ನಿಂತವನೇ, ಸೀರೆ ಮುಗಿಯಲಿಲ್ಲವೆಂದು ಮುಷ್ಕರ ಮುರಿಯುವ ಸ್ಥಿತಿಗೆ ಬರುತ್ತಾನೆ. ಪ್ರಿಯದರ್ಶನ್ ಇಲ್ಲಿ ಅವನನ್ನು ದೂರುವುದಿಲ್ಲ, ಸಮರ್ಥಿಸುವುದೂ ಇಲ್ಲ. ಕೊನೆಗೆ ಮಗಳ ಹೆಣದ ಮೇಲೆ ಹೊದಿಸಲೂ ಸಾಲದ ಅರ್ಧ ಸೀರೆ ಉಳಿಯುತ್ತದೆ.

ಬನಹಟ್ಟಿ–ರಬಕವಿಯ ಕಥೆ ಇದಕ್ಕೆ ಪೂರ್ತಿ ಹೋಲುವುದಿಲ್ಲ. ಇಲ್ಲಿ ರೇಷ್ಮೆಗಿಂತ ಹತ್ತಿಯ ಸೀರೆ ಹೆಚ್ಚು. ಕುಣಿಮಗ್ಗ ಹೋಗಿ ಪವರ್‌ಲೂಮ್ ಬಂದು ಬಹಳ ಕಾಲವಾಯಿತು. ಕೈಮಗ್ಗದ ಸದ್ದಿನ ನಡುವೆ ಮಾತಾಡಬಹುದಿತ್ತು, ಹಾಡಬಹುದಿತ್ತು. ಪವರ್‌ಲೂಮಿನ ಮುಂದೆ ನಿಂತವನು ಸನ್ನೆ ಮಾಡಬೇಕು, ಇಲ್ಲವೇ ಕೂಗಬೇಕು. ಕೂಲಿ ನೇಕಾರ, ನೂಲು ಕೊಡುವ ಮಾಲಕ, ಬೀಮಿನ ಲೆಕ್ಕ, ಮುಂಗಡದ ಸಾಲ, ಕರೆಂಟ್ ಹೋದಾಗ ನಿಂತುಹೋಗುವ ದುಡಿಮೆ, ಮನೆಯಲ್ಲಿ ಕಂಡಿಕೆ ಸುತ್ತುವ ಹೆಂಗಸರ ಲೆಕ್ಕಕ್ಕೆ ಬಾರದ ಕೆಲಸ ಇವೆಲ್ಲ ಇಲ್ಲಿನ ದಿನದ ಸಂಗತಿಗಳು. ಆ ಕಿವಿಗಡಚಿಕ್ಕುವ ಸದ್ದನ್ನೇ ಚಿತ್ರದ ಧ್ವನಿಯಾಗಿಸಿ, ಅದರೊಳಗೆ ಸಂಸಾರವೊಂದರ ಮಾತು ಹೇಗೆ ನಡೆಯುತ್ತದೆಂದು ತೋರಿಸುವ ಚಿತ್ರಕ್ಕೆ ಎಲ್ಲ ಸಾಮಗ್ರಿಯೂ ಇಲ್ಲಿ ಸಿದ್ಧವಾಗಿದೆ. ಅಂಥದ್ದು ಇನ್ನೂ ಬಂದಿಲ್ಲ ಎಂಬುದು ಕನ್ನಡ ಚಿತ್ರರಂಗದ ದೊಡ್ಡ ಬಾಕಿ.

ಕಬ್ಬಿನ ವಿಷಯಕ್ಕೂ ಇದೇ ಮಾತು. ಸಮೀರವಾಡಿಯ ಗೋದಾವರಿ, ಮುಧೋಳದ ನಿರಾಣಿ, ಹಿರೇಪಡಸಲಗಿಯ ಜಮಖಂಡಿ ಶುಗರ್ಸ್ ಎಂದು ಕಾರ್ಖಾನೆಗಳ ಸಾಲೇ ಇರುವ ಈ ಭಾಗದಲ್ಲಿ ಹಂಗಾಮು ಬಂದರೆ ರಸ್ತೆಗಳ ತುಂಬ ಕಬ್ಬಿನ ಟ್ರ್ಯಾಕ್ಟರು. ದರ ನಿಗದಿ, ಬಾಕಿ ಬಿಲ್ಲು, ಕಡಿಯುವ ಗ್ಯಾಂಗಿನ ಮುಂಗಡ, ಕಾರ್ಖಾನೆಯಿಂದ ವಿಧಾನಸೌಧಕ್ಕೆ ಹೋಗುವ ದಾರಿ ಇವು ಇಲ್ಲಿನ ಎಲ್ಲ ಮಾತುಕತೆಯ ಒಡಲಲ್ಲಿವೆ. ಇದನ್ನು ಧೈರ್ಯವಾಗಿ ಎತ್ತಿಕೊಂಡದ್ದು 1974ರ ಮರಾಠಿ ಚಿತ್ರ ‘ಸಾಮ್ನಾ’. ವಿಜಯ ತೆಂಡೂಲ್ಕರ್ ಬರೆದು ಜಬ್ಬಾರ್ ಪಟೇಲ್ ನಿರ್ದೇಶಿಸಿದ ಮೊದಲ ಚಿತ್ರ. ಊರಿನ ಸಕ್ಕರೆ ದೊರೆ ಹಿಂದೂರಾವ್ ಆಗಿ ನಿಳು ಫುಲೆ. ಎಲ್ಲಿಂದಲೋ ಬಂದ ಕುಡುಕ ಮಾಸ್ತರನಾಗಿ ಶ್ರೀರಾಮ ಲಾಗೂ. ಹಿಂದೂರಾವ್ ಮಾಸ್ತರನನ್ನು ಮನೆಗೆ ಕರೆತಂದು ಅನ್ನ, ಬಟ್ಟೆ, ಕುಡಿತ ಎಲ್ಲ ಕೊಟ್ಟು ಸಾಕುತ್ತಾನೆ. ಮಾಸ್ತರ ತಿರುಗಿ ಕೇಳುವುದು ಒಂದೇ ಪ್ರಶ್ನೆ: ಮಾರುತಿ ಕಾಂಬಳೆ ಎಂಬ ಮನುಷ್ಯ ಎಲ್ಲಿ ಹೋದ? ನಿಳು ಫುಲೆ ಈ ದೊರೆಯನ್ನು ರಾಕ್ಷಸನಾಗಿಸಿಲ್ಲ. ಅವನು ಊರಿಗೆ ಒಳ್ಳೆಯದನ್ನೂ ಮಾಡಿದ್ದಾನೆ, ಜನ ಅವನಿಗೆ ನಿಜವಾಗಿಯೂ ಋಣಿಯಾಗಿದ್ದಾರೆ. ಭಯ ಹುಟ್ಟುವುದು ಆ ಋಣದಿಂದ. ಕನ್ನಡದ ಖಳನಾಯಕರ ಸಾಲಿನಲ್ಲಿ ಇಂಥ ಮನುಷ್ಯ ಕಾಣುವುದು ಅಪರೂಪ.

ನಾಗರಾಜ ಮಂಜುಳೆ ಅವರ ‘ಸೈರಾಟ್’ (2016) ಕೃಷ್ಣೆಯ ಈಚೆಗೂ ದೊಡ್ಡ ಅಲೆ ಎಬ್ಬಿಸಿತು. ಸೊಲ್ಲಾಪುರ ಜಿಲ್ಲೆಯ ಕರಮಾಳೆ ಸೀಮೆಯ ಬಾವಿ, ಬಾಳೆ, ಕಬ್ಬಿನ ಹೊಲ, ಬುಲೆಟ್ ಓಡಿಸುವ ಪಾಟೀಲರ ಮಗಳು ಆರ್ಚಿ ಎಲ್ಲವೂ ಇಲ್ಲಿನ ನೋಟವೇ. ಮೊದಲರ್ಧದಲ್ಲಿ ಅಜಯ್–ಅತುಲ್ ಸಂಗೀತದೊಂದಿಗೆ ತೇಲಿಸಿ, ಎರಡನೆಯ ಅರ್ಧದಲ್ಲಿ ಹೈದರಾಬಾದಿನ ಕೊಳೆಗೇರಿಯ ಪುಟ್ಟ ಮನೆಗೆ ತಂದು ನಿಲ್ಲಿಸುವ ಧೈರ್ಯ ಮಂಜುಳೆಯವರದು. ಕೊನೆಯ ದೃಶ್ಯದಲ್ಲಿ ಸದ್ದೇ ಇಲ್ಲ. ಮಗುವಿನ ಕೆಂಪು ಹೆಜ್ಜೆ ಮಾತ್ರ. ಅದರ ಕನ್ನಡ ರೂಪ ಎಸ್. ನಾರಾಯಣ್ ಅವರ ‘ಮನಸು ಮಲ್ಲಿಗೆ’ (2017). ನಾಯಕಿ ಅದೇ ರಿಂಕು ರಾಜಗುರು, ಕಥೆಯೂ ಅದೇ. ಸೋತದ್ದು ನೆಲದ ವಿಷಯದಲ್ಲಿ. ಕರಮಾಳೆಯ ಬಿಸಿಲು, ಜಾತಿಯ ಹೆಸರು ಹೇಳದೆಯೇ ಹೇಳುವ ಮಾತಿನ ಜಾಣ್ಮೆ, ಕ್ರಿಕೆಟ್ ಮೈದಾನದ ಕಾಮೆಂಟರಿ ಇವು ಕನ್ನಡಕ್ಕೆ ಬರುವಾಗ ಯಾವ ಊರಿನವೂ ಅಲ್ಲದಂತಾದವು. ಜಮಖಂಡಿಯಲ್ಲೋ ಮುಧೋಳದಲ್ಲೋ ಕ್ಯಾಮೆರಾ ಇಟ್ಟು, ಇಲ್ಲಿನ ಮಾತಿನಲ್ಲೇ ತೆಗೆದಿದ್ದರೆ ಕಥೆಗೆ ನೆಲವಾದರೂ ಸಿಗುತ್ತಿತ್ತು.

ಕಾಸರವಳ್ಳಿಯವರ ಆ ನಾಲ್ಕು ಚಿತ್ರಗಳಲ್ಲಿ ನಾಲ್ಕನೆಯದಾದ ‘ದ್ವೀಪ’ (2002) ಬೀಳಗಿಗೆ ಸೇರಿದ್ದು ಎನ್ನಬೇಕು, ಕಥೆ ನಡೆಯುವುದು ಮಲೆನಾಡಿನಲ್ಲಾದರೂ. ನಾ. ಡಿಸೋಜ ಅವರ ಕಾದಂಬರಿಯನ್ನು ಆಧರಿಸಿದ ಈ ಚಿತ್ರದಲ್ಲಿ ಅಣೆಕಟ್ಟಿನ ನೀರು ಏರಿ ಊರೆಲ್ಲ ಖಾಲಿಯಾದಾಗ, ಗುಡ್ಡದ ಮೇಲಿನ ಗುಡಿಯ ಪೂಜಾರಿ ಮನೆತನವೊಂದು ಹೋಗಲೊಪ್ಪುವುದಿಲ್ಲ. ಕೃಷ್ಣೆಗೆ ಆಲಮಟ್ಟಿಯಲ್ಲಿ ಕಟ್ಟಿದ ಅಣೆಕಟ್ಟಿನ ಹಿನ್ನೀರು ಹಳೆಯ ಬಾಗಲಕೋಟೆಯ ಜೊತೆಗೆ ಬೀಳಗಿ, ಜಮಖಂಡಿ ತಾಲ್ಲೂಕುಗಳ ಹಳ್ಳಿಗಳನ್ನೂ ಹೊಲಗಳನ್ನೂ ನುಂಗಿತು. 519.60 ಮೀಟರಿಗೆ ನಿಂತಿರುವ ನೀರನ್ನು 524.256 ಮೀಟರಿಗೆ ಏರಿಸುವ ಮಾತು ವರ್ಷಗಳಿಂದ ನಡೆದಿದೆ. ‘ಮುಳುಗಡೆ’ ಎಂಬುದು ಇಲ್ಲಿ ಊರು, ಸಂಬಂಧ, ಕೋರ್ಟು, ಪರಿಹಾರದ ಚೆಕ್ಕು ಎಲ್ಲವನ್ನೂ ಒಳಗೊಂಡ ಸಂಗತಿ. ‘ದ್ವೀಪ’ದಲ್ಲಿ ಪರಿಹಾರದ ಕಚೇರಿಯ ದೃಶ್ಯ ಚಿಕ್ಕದು, ಆದರೆ ನಿಖರ: ಗುಡಿಗೆ ಬರುತ್ತಿದ್ದ ಭಕ್ತಿ, ಮರ್ಯಾದೆ, ಪೂಜೆಯ ಆದಾಯಕ್ಕೆ ಬೆಲೆ ಕಟ್ಟುವ ಕಲಂ ಯಾವ ಫಾರಮಿನಲ್ಲೂ ಇಲ್ಲ. ಚಿತ್ರವನ್ನು ಹೊತ್ತಿರುವುದು ಸೌಂದರ್ಯ, ನಿರ್ಮಾಪಕಿಯೂ ಅವರೇ. ಮಳೆ ನಿಲ್ಲದ ಆ ರಾತ್ರಿಗಳಲ್ಲಿ ಮನೆ, ಗಂಡ, ದನಕರುಗಳನ್ನು ಉಳಿಸಲು ನಾಗಿ ಹೆಣಗುತ್ತಾಳೆ. ನೀರು ಇಳಿದ ಮೇಲೆ ಗಂಡ ಗಣಪ ದೇವರು ಕಾಪಾಡಿದ ಎನ್ನುತ್ತಾನೆ. ನಾಗಿಯ ದುಡಿಮೆಯ ಮಾತೇ ಅವನ ಬಾಯಿಗೆ ಬರುವುದಿಲ್ಲ. ಎಚ್.ಎಂ. ರಾಮಚಂದ್ರ ಅವರ ಕ್ಯಾಮೆರಾದಲ್ಲಿ ನೀರು ಚೆಲುವಾಗಿಯೂ ಹೆದರಿಕೆಯಾಗಿಯೂ ಏರುತ್ತದೆ. ಪುನರ್ವಸತಿ ಗ್ರಾಮದ ಹೆಂಗಸರೊಂದಿಗೆ ಕೂತು ನೋಡಬೇಕಾದ ಚಿತ್ರ ಇದು. ಮುಳುಗಡೆಯ ದಾಖಲೆಗಳಲ್ಲಿ ಕಾಣಸಿಗದ ಅವರ ಪಾಲಿನ ಕೆಲಸ ಇದರಲ್ಲಿ ಕಾಣುತ್ತದೆ.

ನೀರು ಕಳೆದುಕೊಂಡದ್ದರ ಕಥೆಯಷ್ಟೇ ಅಲ್ಲ, ನೀರು ನಿಲ್ಲಿಸಿಕೊಂಡ ಕಥೆಯೂ ಈ ಸೀಮೆಯಲ್ಲಿದೆ. ಜಮಖಂಡಿ ತಾಲ್ಲೂಕಿನ ಚಿಕ್ಕಪಡಸಲಗಿಯಲ್ಲಿ ಕೃಷ್ಣೆಗೆ ಅಡ್ಡಲಾಗಿ ರೈತರೇ ಹಣ ಕೂಡಿಸಿ, ಶ್ರಮದಾನ ಮಾಡಿ 1989ರಲ್ಲಿ ಬ್ಯಾರೇಜು ಕಟ್ಟಿದರು. ಅದಕ್ಕೆ ‘ಶ್ರಮಬಿಂದು ಸಾಗರ’ ಎಂದು ಹೆಸರಾಯಿತು. ಮುಂದಾಳತ್ವ ವಹಿಸಿದ್ದ ಸಿದ್ದು ನ್ಯಾಮಗೌಡ 1991ರ ಲೋಕಸಭಾ ಚುನಾವಣೆಯಲ್ಲಿ ಬಾಗಲಕೋಟೆಯಿಂದ ರಾಮಕೃಷ್ಣ ಹೆಗಡೆಯವರನ್ನು ಸೋಲಿಸಿದರು. ಜನ ಅವರನ್ನು ಬ್ಯಾರೇಜ್ ಸಿದ್ದು ಎಂದೇ ಕರೆದರು. ಇದರ ಪಕ್ಕದಲ್ಲಿಟ್ಟು ನೋಡಬೇಕಾದ ಚಿತ್ರ ಶ್ಯಾಮ್ ಬೆನಗಲ್ ಅವರ ‘ಮಂಥನ್’ (1976). ಗುಜರಾತಿನ ಐದು ಲಕ್ಷ ಹಾಲು ಉತ್ಪಾದಕರು ತಲಾ ಎರಡು ರೂಪಾಯಿ ಹಾಕಿ ನಿರ್ಮಿಸಿದ ಚಿತ್ರ. ‘ಸಾಮ್ನಾ’ ಬರೆದ ತೆಂಡೂಲ್ಕರ್ ಅವರದೇ ಚಿತ್ರಕಥೆ. ಹಾಲಿನ ಸೊಸೈಟಿ ಕಟ್ಟಲು ಬರುವ ಡಾಕ್ಟರ್ ರಾವ್ ಆಗಿ ಗಿರೀಶ ಕಾರ್ನಾಡ, ಬಿಂದು ಆಗಿ ಸ್ಮಿತಾ ಪಾಟೀಲ್, ದಲಿತರ ಕೇರಿಯ ಸಿಡುಕಿನ ಯುವಕ ಭೋಲಾನಾಗಿ ನಸೀರುದ್ದೀನ್ ಶಾ. ಫಿಲ್ಮ್ ಹೆರಿಟೇಜ್ ಫೌಂಡೇಶನ್ ಜೀರ್ಣೋದ್ಧಾರ ಮಾಡಿದ ಪ್ರತಿ 2024ರಲ್ಲಿ ಕಾನ್ ಉತ್ಸವದಲ್ಲಿ ತೆರೆ ಕಂಡ ಮೇಲೆ ಹೊಸ ತಲೆಮಾರಿಗೂ ಈ ಚಿತ್ರ ಸಿಕ್ಕಿತು. ಸೊಸೈಟಿಯ ಚುನಾವಣೆಯಲ್ಲಿ ಸರಪಂಚ ಸೋಲುವ ದೃಶ್ಯ, ಹಾಲಿನ ಅಳತೆಗೆ ಎಲ್ಲ ಜಾತಿಯವರೂ ಒಂದೇ ಸಾಲಿನಲ್ಲಿ ನಿಲ್ಲಬೇಕಾದ ಇರಿಸುಮುರಿಸು ಇವನ್ನು ಇಲ್ಲಿನ ಯಾವ ಪಿಕೆಪಿಎಸ್ (ಪ್ರಾಥಮಿಕ ಕೃಷಿ ಪತ್ತಿನ ಸಹಕಾರಿ ಸಂಘ) ಸದಸ್ಯನೂ ಮೊದಲ ನೋಟಕ್ಕೇ ಗುರುತಿಸುತ್ತಾನೆ. ಕೊನೆಯಲ್ಲಿ ಡಾಕ್ಟರ್ ರಾವ್ ವರ್ಗವಾಗಿ ರೈಲು ಹತ್ತುತ್ತಾನೆ, ಸೊಸೈಟಿಯನ್ನು ಭೋಲಾ ಮುಂದುವರಿಸುತ್ತಾನೆ. ಚಿಕ್ಕಪಡಸಲಗಿಯ ಕಥೆಯಲ್ಲಿ ಹೊರಗಿನಿಂದ ಬಂದು ದಾರಿ ತೋರಿಸುವ ಡಾಕ್ಟರ್ ರಾವ್ ಇಲ್ಲ. ಅದನ್ನು ಸಿನಿಮಾ ಮಾಡುವವರು ಭೋಲಾನಂಥವರಿಂದಲೇ, ವಂತಿಗೆ ಕೊಟ್ಟವರ ಮತ್ತು ಕೊಡಲು ಹಿಂಜರಿದವರ ಮನೆಗಳಿಂದಲೇ ಶುರು ಮಾಡಬೇಕಾಗುತ್ತದೆ.